ಪೈಗೆ ಪೈ ಲೆಕ್ಕ

ಮಾರ್ಚ್ 14ರಂದು ನಮ್ಮ ಅಪಾರ್ಟ್‌ಮೆಂಟಿನಲ್ಲಿ ಪೈ ದಿನ ಆಚರಿಸಿದೆವು. ವೃತ್ತದ ಸುತ್ತಳತೆಯನ್ನು ವ್ಯಾಸದಿಂದ ಭಾಗಿಸಿದರೆ ಬರುವ ಸಂಖ್ಯೆಯೇ ಪೈ, ಸುಮಾರು 3.14. ತಿಂಗಳು ಮೊದಲು, ತಾರೀಕು ಆಮೇಲೆ ಬರೆಯುವ ಅಮೆರಿಕದವರಿಗೆ ಅವತ್ತೂ 3.14. ನಾವು ಬರೆಯೋದು 14-3, ಇದರಲ್ಲಿ ಪೈ ಎಲ್ಲಿದೆ ಅಂತ ಅಸೋಸಿಯೇಷನ್ ಮೀಟಿಂಗಿನಲ್ಲಿ ಕೇಳಿದ್ದೇ ತಪ್ಪಾಯಿತು, ನನ್ನನ್ನೇ ತೀರ್ಪುಗಾರನನ್ನಾಗಿ ಮಾಡಿ ಕೂರಿಸಿದರು. ಕನಕಪುರ ರಸ್ತೆ ಕಡೆ ಬಾಯಿ ಮುಚ್ಚಿಸೋದು ಹೀಗೆ, ಶಾಲು ಹೊದಿಸಿ.

ಬಿಂದುವಿನ ನಂತರದ ನೂರು ಅಂಕಿಗಳನ್ನು ಮಕ್ಕಳು ಬಾಯಿಪಾಠ ಒಪ್ಪಿಸಬೇಕು, ಅಷ್ಟೇ ಸ್ಪರ್ಧೆ. ತಿಂಗಳ ಮುಂಚೆಯೇ ಲಿಫ್ಟ್ ಪಕ್ಕ ಫ್ಲೆಕ್ಸ್ ಕಟ್ಟಿದ್ದರು. ಮೇಲೆ ಅಧ್ಯಕ್ಷರು ಕೈಮುಗಿದು ನಿಂತ ಫೋಟೊ, ಕೆಳಗೆ ಸಾಲಿಗೆ ಹತ್ತರಂತೆ ಅಂಕಿಗಳು. ಪೈಗೆ ಕೊನೆಯಿಲ್ಲ, ಫ್ಲೆಕ್ಸಿಗೆ ಇದೆಯಲ್ಲ. ಫೋಟೊ ಎರಡು ಇಂಚು ಹೆಚ್ಚಾಗಿ ಜಾಗ ಸಾಲದೆ, ಪ್ರಿಂಟಿಂಗಿನ ಹುಡುಗ ನಾಲ್ಕನೇ ಸಾಲನ್ನು ಎತ್ತಿಬಿಟ್ಟಿದ್ದ. ಹತ್ತು ಸಾಲಿರಬೇಕಾದಲ್ಲಿ ಒಂಬತ್ತೇ ಇದೆ ಅಂತ ಎಣಿಸಿದ ಪುಣ್ಯಾತ್ಮ ಒಬ್ಬನೂ ಇಲ್ಲ, ನನ್ನನ್ನೂ ಸೇರಿಸಿ.

ಬಿ ಬ್ಲಾಕಿನ ಹುಡುಗ ಕಣ್ಣು ಮುಚ್ಚಿಕೊಂಡು ಶುರುಮಾಡಿದ. ಮೂರನೇ ಸಾಲಿನ 83279 ಆದದ್ದೇ ಉಸಿರು ತೆಗೆದುಕೊಳ್ಳದೆ 69399ಕ್ಕೆ ಹಾರಿದ. ಫ್ಲೆಕ್ಸಿನಲ್ಲಿ ಹಾಗೇ ಇತ್ತು. ಚಪ್ಪಾಳೆಯೋ ಚಪ್ಪಾಳೆ. ಆಮೇಲೆ ಬಂದ ನೆಲಮಹಡಿಯ ಹುಡುಗಿ 83279 ಅಂದಳು, 50288 ಅಂದಳು. ಅಧ್ಯಕ್ಷರು ಗಂಟೆ ಬಾರಿಸಿಯೇಬಿಟ್ಟರು. ಮೂವತ್ತೊಂದನೇ ಅಂಕಿಗೆ ಔಟ್!

"ಅಂಕಲ್, ನಾನು ಪುಸ್ತಕ ನೋಡಿ ಕಲಿತಿದ್ದು."

"ಫ್ಲೆಕ್ಸ್ ಇರೋದು ಯಾತಕ್ಕೆ ಪುಟ್ಟಾ?"

ನಾನು ಫೋನಿನಲ್ಲಿ ಹುಡುಕಿ ತೋರಿಸಿದೆ. ಹುಡುಗಿಯದೇ ಸರಿ. "ಇರಬಹುದು ಸಾರ್, ಆದ್ರೆ ಟ್ರೋಫಿ ಮೇಲೆ ಹೆಸರು ಕೆತ್ತಿಸಿ ಆಗಿದೆ," ಅಂದರು ಕಾರ್ಯದರ್ಶಿ. ಗೆಲ್ಲುವ ಮೊದಲೇ ಕೆತ್ತಿಸಿದ್ದು ಹೇಗೆ ಅಂತ ಕೇಳಲಿಲ್ಲ. ಒಂದು ಶಾಲು ಸಾಕಾಗಿತ್ತು.

ನಮ್ಮವರನ್ನೇ ಆಡಿಕೊಂಡು ಏನು ಪ್ರಯೋಜನ. ಇಂಗ್ಲೆಂಡಿನ ವಿಲಿಯಂ ಶಾಂಕ್ಸ್ ವರ್ಷಗಟ್ಟಲೆ ಕೈಯಲ್ಲೇ ಗುಣಿಸಿ ಭಾಗಿಸಿ 1873ರಲ್ಲಿ 707 ಅಂಕಿ ಪ್ರಕಟಿಸಿದ. 528ನೆಯದರಿಂದ ಹಿಡಿದು ಮುಂದೆಲ್ಲ ತಪ್ಪು. ಪ್ಯಾರಿಸ್ಸಿನ ವಿಜ್ಞಾನ ಸಂಗ್ರಹಾಲಯದವರು 1937ರಲ್ಲಿ ಆ ತಪ್ಪನ್ನೇ ಒಂದು ದುಂಡು ಕೋಣೆಯ ಗೋಡೆ ತುಂಬ ಕೂರಿಸಿದರು. ಫರ್ಗುಸನ್ ಎಂಬಾತ ಕೂತು ಲೆಕ್ಕ ಮಾಡಿ ತಪ್ಪು ಹಿಡಿದ ಮೇಲೆ, 1949ರಲ್ಲಿ, ಗೋಡೆ ತಿದ್ದಿದರು. ತಿದ್ದಿದರಲ್ಲ, ಅಲ್ಲಿಗೂ ನಮ್ಮ ಲಿಫ್ಟಿಗೂ ಅಷ್ಟೇ ವ್ಯತ್ಯಾಸ.

2024ರಲ್ಲಿ ಕಂಪ್ಯೂಟರುಗಳು ಪೈಯನ್ನು 202 ಲಕ್ಷ ಕೋಟಿ ಅಂಕಿಗಳವರೆಗೆ ಎಳೆದವು. ಗ್ರಹದಿಂದ ಗ್ರಹಕ್ಕೆ ನೌಕೆ ಕಳಿಸುವ ನಾಸಾದವರಿಗೆ ಹದಿನೈದು ಸಾಕಂತೆ. ನಮ್ಮ ಕಾರ್ಯದರ್ಶಿಗೆ ನೂರು ಸಾಲದು, ಬರುವ ವರ್ಷ ಇನ್ನೂರು ಮಾಡ್ತಾರಂತೆ.

ಬಹುಮಾನ ವಿತರಣೆ ನಡೆಯುತ್ತಿರುವಾಗಲೇ ಗೇಟಿನಲ್ಲಿ ಹಾರ್ನ್ ಕೇಳಿಸಿತು. ನೀರಿನ ಟ್ಯಾಂಕರ್. ಮಾರ್ಚ್ ಬಂತೆಂದರೆ ಬೋರ್‌ವೆಲ್ ಕೈಕೊಡುತ್ತದೆ, ದಿನಕ್ಕೆ ನಾಲ್ಕು ಲೋಡು. ಪೈಪು ಸಂಪಿಗೆ ಇಳಿದಿತ್ತು. ಟ್ಯಾಂಕರ್ ಮೈಮೇಲೆ ಹಳದಿ ಬಣ್ಣದಲ್ಲಿ 12000 ಲೀಟರ್ ಅಂತ ಬರೆದಿತ್ತು. ಔಟಾದ ಹುಡುಗಿ ಅದನ್ನು ನೋಡುತ್ತ ನಿಂತವಳು ಪ್ಲಂಬರ್ ಹತ್ತಿರ ಸ್ಟೀಲ್ ಟೇಪು ಕೇಳಿಕೊಂಡು ಬಂದಳು. ಹಿಂಬದಿಯ ದುಂಡು ತಗಡಿನ ಅಡ್ಡಳತೆ ಹಿಡಿದಳು, 1.6 ಮೀಟರ್. ಇನ್ನೊಂದು ತುದಿ ನಾನು ಹಿಡಿದೆ, ಉದ್ದ ನಾಲ್ಕೂವರೆ.

"ಅಂಕಲ್, 3.14 ಸಾಕಾ?"

"ಸಾಕಮ್ಮ."

ಒಂಬತ್ತು ಸಾವಿರದ ಮೇಲೆ ಚಿಲ್ಲರೆ ಲೀಟರು. ಅದೂ ಹೊರಗಿನ ಅಳತೆ, ತಗಡಿನ ದಪ್ಪ ಕಳೆದರೆ ಇನ್ನೂ ಕಡಿಮೆ. ಅಷ್ಟರಲ್ಲೇ ಹನ್ನೆರಡು ಸಾವಿರ ಹಿಡಿಯಬೇಕಾದರೆ ಪೈ ಬೆಲೆ ಎಷ್ಟಿರಬೇಕು ಅಂತ ಹುಡುಗಿ ತಿರುಗಿಸಿ ಭಾಗಿಸಿದಳು. 4.17.

ಡ್ರೈವರ್‌ಗೆ ಹೇಳಿದೆ. ಅವನು ಬೀಡಿ ಆರಿಸದೆ, "ಅಂದಾಜು ಸಾರ್ ಅದು. ಒಸಿ ಹೆಚ್ಚು ಕಮ್ಮಿ ಇರ್ತದೆ," ಅಂದ. ಹೆಚ್ಚಾದದ್ದನ್ನು ನಾನಂತೂ ಈ ಹತ್ತು ವರ್ಷದಲ್ಲಿ ಕಂಡಿಲ್ಲ. ಆರ್ಯಭಟನೂ ಕ್ರಿ.ಶ. 499ರಲ್ಲಿ, 20,000 ವ್ಯಾಸದ ವೃತ್ತಕ್ಕೆ 62,832 ಸುತ್ತಳತೆ ಅಂತ ಹೇಳಿ, ಜೊತೆಗೆ 'ಆಸನ್ನ' ಅಂತ ಸೇರಿಸಿದ್ದ. ಅಂದರೆ ಹತ್ತಿರ ಹತ್ತಿರ. ಆತನ ಅಂದಾಜು ತಪ್ಪಿದ್ದು ನಾಲ್ಕನೇ ದಶಮಾಂಶದಲ್ಲಿ, ಇವನದು ಬಿಂದುವಿಗಿಂತ ಮೊದಲೇ.

ಅಧ್ಯಕ್ಷರಿಗೆ ಚೀಟಿ ಕೊಟ್ಟೆ. ಓದಿದರು, ಮಡಚಿದರು. "ಲೆಕ್ಕ ಎಲ್ಲ ಸರಿ ಸಾರ್. ನಾಳೆಯಿಂದ ಅವನು ಬರದಿದ್ರೆ ನಿಮ್ಮ ಈ ಹುಡುಗಿ ನೀರು ತರ್ತಾಳಾ?"

ಹನ್ನೆರಡು ಸಾವಿರಕ್ಕೇ ಸಹಿ ಹಾಕಿದರು. ಸಂಪಿನ ಮುಚ್ಚಳ ಬಿರುಕು ಬಿಟ್ಟಿದ್ದರಿಂದ ಸಂಜೆಗೆ ಅದೇ ಫ್ಲೆಕ್ಸನ್ನು ಬಿಚ್ಚಿ ಮೇಲೆ ಹಾಸಿದರು. ಅಂಕಿಗಳ ಮೇಲೆ ನಾಲ್ಕು ಇಟ್ಟಿಗೆ ಹೇರಿದ್ದಾರೆ. ಫೋಟೊದ ಮೇಲೆ ಮಾತ್ರ ಏನೂ ಇಡದಂತೆ ವಾಚ್‌ಮನ್‌ಗೆ ಹೇಳಿದ್ದಾರೆ.