ಬಿಳಿ ಆಕಾಶಕ್ಕೆ ಬಿಳಿ ತಳವೇ ಬೇಕು

ರೋಮ್ ಅವಶೇಷಗಳ ಹಳೆಯ ಫೋಟೊಗಳನ್ನು ಲೋಹದ ತಗಡಿನ ಮೇಲೆ ಮುದ್ರಿಸುವಾಗ ಹೊಳೆಯುವ ಬರಿಯ ಅಲ್ಯೂಮಿನಿಯಂ ತಳವೇ ಚೆಂದ ಎಂಬ ಲೇಖನವೊಂದರ ಮಾತನ್ನು ಒಪ್ಪಲಾರೆ. ಶಾಖದಿಂದ ಬಣ್ಣವನ್ನು ತಗಡಿನ ಲೇಪನಕ್ಕೆ ಇಳಿಸುವ ಸಬ್ಲಿಮೇಷನ್ ಮುದ್ರಣದಲ್ಲಿ ಬಿಳಿ ಶಾಯಿಯೇ ಇಲ್ಲ; ಚಿತ್ರದಲ್ಲಿ ಬಿಳುಪು ಇದ್ದಲ್ಲೆಲ್ಲ ತಳವೇ ಕಾಣುತ್ತದೆ. 1850ರ ದಶಕದಲ್ಲಿ ಫೋಟೊ ತೆಗೆಯಲು ಬಳಸುತ್ತಿದ್ದ ಗಾಜಿನ ಪ್ಲೇಟುಗಳು ನೀಲಿ ಬೆಳಕಿಗೆ ಅತಿಯಾಗಿ ಸ್ಪಂದಿಸುತ್ತಿದ್ದವು. ಹಾಗಾಗಿ ಆಗ ರೋಮ್‌ನಲ್ಲಿದ್ದ ಛಾಯಾಗ್ರಾಹಕ ರಾಬರ್ಟ್ ಮ್ಯಾಕ್‌ಫರ್ಸನ್ ಅವರಂಥವರ ಚಿತ್ರಗಳಲ್ಲಿ ಕೊಲೊಸಿಯಂ ಮೇಲಿನ ಆಕಾಶ ಬಹುಪಾಲು ಖಾಲಿ ಬಿಳುಪು. ಬರಿಯ ಲೋಹದ ಮೇಲೆ ಅದು ತಗಡಿನ ಬೂದಿಬಣ್ಣಕ್ಕೆ ತಿರುಗುತ್ತದೆ, ಎದುರಿನ ಕಿಟಕಿಯೂ ಅದರಲ್ಲಿ ಪ್ರತಿಫಲಿಸುತ್ತದೆ. ಬಿಳಿ ಲೇಪನದ, ಹೊಳಪಿಲ್ಲದ ತಳ ಕೇಳಿ.

ಸ್ಕ್ಯಾನ್ ಅನ್ನು ಕಪ್ಪು-ಬಿಳುಪಿಗೆ ಬದಲಿಸಲೇಬೇಡಿ. ಆಗಿನ ಫೋಟೊಗಳ ಆಲ್ಬುಮಿನ್ (ಮೊಟ್ಟೆಯ ಬಿಳಿ ಲೇಪಿಸಿದ) ಕಾಗದದ ನೇರಳೆ ಬೆರೆತ ಕಂದು ಹೋದರೆ ಕಲ್ಲಿನ ಕಾವೇ ಹೋದಂತೆ. 40×60 ಸೆಂ.ಮೀ. ಮುದ್ರಣಕ್ಕೆ ಇಂಚಿಗೆ 200 ಪಿಕ್ಸೆಲ್‌ನಂತೆ ಸುಮಾರು 3150×4720 ಪಿಕ್ಸೆಲ್ ಬೇಕು. ಕಡಿಮೆಯಿದ್ದರೆ ಗಾತ್ರ ಇಳಿಸಿ. ಶಾರ್ಪನ್ ಮಾಡಿದರೆ ಕಾಗದದ ನಾರು ಕಲ್ಲಿನ ಬಿರುಕಿನಂತೆ ಕಾಣುತ್ತದೆ.

ಹೊಳೆಯುವ ಲೋಹ ನಿಜವಾಗಿ ಒಪ್ಪುವುದು ಲೋಹದ ತಗಡಿನ ಮೇಲೇ ಮೂಡುತ್ತಿದ್ದ ಆರಂಭಕಾಲದ ಫೋಟೊವಾದ ಡಗೆರೊಟೈಪ್‌ಗೆ. ಫ್ರೆಂಚ್ ಛಾಯಾಗ್ರಾಹಕ ಜಿರೊ ದ ಪ್ರಾಂಜೆ 1842ರಲ್ಲಿ ರೋಮ್‌ನಲ್ಲಿ ತೆಗೆದವು ಮೂಲತಃ ಬೆಳ್ಳಿ ಲೇಪಿಸಿದ ತಾಮ್ರದ ತಗಡಿನ ಮೇಲೇ ಇವೆ. ಆದರೆ ಡಗೆರೊಟೈಪ್‌ನಲ್ಲಿ ಸಾಮಾನ್ಯವಾಗಿ ಎಡ-ಬಲ ಅದಲುಬದಲು. ಕಮಾನಿನ ಮೇಲಿನ ಲ್ಯಾಟಿನ್ ಅಕ್ಷರ ಸರಿಯಾಗಿ ಓದಲು ಬರುತ್ತದೆಯೇ ಎಂದು ಮುದ್ರಣಕ್ಕೆ ಮೊದಲೇ ನೋಡಿಕೊಳ್ಳಿ.