ಸತ್ಯಾಂಶ: ವೈಸ್‌ರಾಯ್ ಚಿಟ್ಟೆ ಬರೀ ವೇಷಧಾರಿಯೇ?

‘ಅಮೆರಿಕದ ವೈಸ್‌ರಾಯ್ ಚಿಟ್ಟೆ ಹಕ್ಕಿಗಳಿಗೆ ರುಚಿಕರ, ಕಹಿಯಾದ ಮೊನಾರ್ಕ್ ಚಿಟ್ಟೆಯ ವೇಷ ಹಾಕಿ ಬದುಕುತ್ತದೆ’ ಎಂಬ ಸಂದೇಶ ಹರಿದಾಡುತ್ತಿದೆ. ಇದು ಹಳೆಯ ಪಠ್ಯಗಳ ತಪ್ಪು. 1991ರಲ್ಲಿ ರಿಟ್ಲಂಡ್ ಮತ್ತು ಬ್ರೋವರ್ ಎಂಬ ವಿಜ್ಞಾನಿಗಳು ಎರಡೂ ಚಿಟ್ಟೆಗಳ ರೆಕ್ಕೆ ತೆಗೆದು, ಹೊಟ್ಟೆಯ ಭಾಗವನ್ನಷ್ಟೇ ಹಕ್ಕಿಗಳ ಮುಂದಿಟ್ಟರು. ಬಣ್ಣ ಕಾಣದಿದ್ದರೂ ಹಕ್ಕಿಗಳು ಎರಡನ್ನೂ ಹೆಚ್ಚುಕಮ್ಮಿ ಸಮಾನವಾಗಿ ನಿರಾಕರಿಸಿದವು. ಅಂದರೆ ಎರಡೂ ಕಹಿಯೇ. ಒಂದನ್ನು ಕಚ್ಚಿ ಪಾಠ ಕಲಿತ ಹಕ್ಕಿ ಇನ್ನೊಂದನ್ನೂ ಬಿಟ್ಟುಬಿಡುತ್ತದೆ, ಲಾಭ ಇಬ್ಬರಿಗೂ. ಗುರುತಿಸಲು ಹಿಂರೆಕ್ಕೆ ನೋಡಿ: ನರಗಳನ್ನು ಅಡ್ಡ ಹಾಯುವ ಕಪ್ಪು ಗೆರೆ ಇದ್ದರೆ ವೈಸ್‌ರಾಯ್. ಗಾತ್ರವೂ ಚಿಕ್ಕದು.

ಹೆಸರಿನ ‘ವೈಸ್’ಗೆ ದುರ್ಗುಣ ಎಂಬರ್ಥ ಹಚ್ಚುವುದೂ ಸರಿಯಲ್ಲ. ಲ್ಯಾಟಿನ್‌ನಲ್ಲಿ ಅದು ‘ಬದಲಿಗೆ’. ಹಳೆಯ ಫ್ರೆಂಚಿನ ‘ರಾಯ್’ ಎಂದರೆ ರಾಜ. ಅಂದರೆ ವೈಸ್‌ರಾಯ್ ರಾಜನ ಬದಲಿಗೆ ಇರುವವನು. ಮೊನಾರ್ಕ್ ಎಂದರೂ ರಾಜನೇ. 1858ರಲ್ಲಿ ಭಾರತದ ಗವರ್ನರ್ ಜನರಲ್ ಕ್ಯಾನಿಂಗ್‌ಗೆ ಸಂದ ಪದವಿಯೂ ಇದೇ: ಬ್ರಿಟನ್ ರಾಣಿಯ ಪ್ರತಿನಿಧಿ.