ನಾಲ್ಕು ವರ್ಷಕ್ಕೆ ಮೂರು ಕಪ್ ಗೆದ್ದರೆ ರಾಜವಂಶವಂತೆ!

ಶನಿವಾರ ಬೆಳಿಗ್ಗೆ ಏಳೂವರೆಗೇ ಪಕ್ಕದ ಮನೆಯ ಗ್ಯಾರೇಜ್ ಬಾಗಿಲು ಗರಗರ ಅಂತ ಮೇಲೆ ಹೋಯಿತು ಅಂದರೆ ಇವತ್ತು ಊರಲ್ಲೇ ಆಟ ಇದೆ ಎಂದು ಲೆಕ್ಕ. ಕೆಂಪು ಜಾಕೆಟ್, ಕೆಂಪು ಟೋಪಿ, ಕೆಂಪು ಕೂಲರ್. ಆ ಮನೆಯ ಅಜ್ಜನಿಗೆ ಈಗ ಎಂಬತ್ತು ದಾಟಿದೆ. ಅವರ ಅಪ್ಪ 1960ರ ದಶಕದಲ್ಲಿ ಹಿಡಿದ ಎರಡು ಸೀಟು ಇವತ್ತಿಗೂ ಅವರ ಮನೆಯ ಹೆಸರಲ್ಲೇ ಇವೆ. ಹೊಲ ಮಾರಿದರು, ಟ್ರ್ಯಾಕ್ಟರ್ ಮಾರಿದರು. ಸೀಟು ಮಾತ್ರ ಬಿಟ್ಟುಕೊಟ್ಟಿಲ್ಲ.

ನಾನಿರುವುದು ಅಮೆರಿಕದ ನಟ್ಟನಡುವಿನ ನೆಬ್ರಾಸ್ಕಾದಲ್ಲಿ, ಲಿಂಕನ್ ಊರಲ್ಲಿ. ಮೆಕ್ಕೆಜೋಳ, ದನ, ಗಾಳಿ. ಇಡೀ ರಾಜ್ಯದಲ್ಲಿ ಸುಮಾರು 20 ಲಕ್ಷ ಜನ. ವೃತ್ತಿಪರ ಫುಟ್‌ಬಾಲ್ ತಂಡ ಒಂದೂ ಇಲ್ಲ. ಇರುವುದು ವಿಶ್ವವಿದ್ಯಾಲಯದ ಹುಡುಗರ ತಂಡ. ಅದರ ಹೆಸರೇ ಕಾರ್ನ್‌ಹಸ್ಕರ್ಸ್, ಮೆಕ್ಕೆಜೋಳದ ತೆನೆ ಸುಲಿಯುವವರು. ಕಾಲಲ್ಲಿ ಒದೆಯುವ ಫುಟ್‌ಬಾಲ್ ಅಲ್ಲ, ಮೊಟ್ಟೆಯಾಕಾರದ ಚೆಂಡನ್ನು ಅವುಚಿಕೊಂಡು ಗುದ್ದಾಡುವ ಇಲ್ಲಿಯ ಫುಟ್‌ಬಾಲ್. ಆಟದ ದಿನ ಮೆಮೋರಿಯಲ್ ಸ್ಟೇಡಿಯಂನಲ್ಲಿ 85 ಸಾವಿರ ಜನ ಕೂರುತ್ತಾರೆ. ಒಮಾಹಾ, ಲಿಂಕನ್ ಬಿಟ್ಟರೆ ಆವತ್ತು ರಾಜ್ಯದ ಮೂರನೇ ದೊಡ್ಡ ಊರು ಅದೇ. 1962ರ ನವೆಂಬರ್‌ನಿಂದ ಅಲ್ಲಿ ನಡೆದ ಒಂದೊಂದು ಆಟದ ಟಿಕೆಟ್ಟೂ ಪೂರ್ತಿ ಮಾರಾಟವಾಗಿದೆ. 400 ಆಟ ದಾಟಿತು. ತಂಡ ಗೆದ್ದರೂ ಅಷ್ಟೇ, ಮಣ್ಣು ಮುಕ್ಕಿದರೂ ಅಷ್ಟೇ.

ಈಚೆಗೆ ಮುಕ್ಕಿದ್ದೇ ಜಾಸ್ತಿ. ಅದಕ್ಕೇ ಇಲ್ಲಿಯ ರೇಡಿಯೋದಲ್ಲಿ, ಕ್ಷೌರದಂಗಡಿಯಲ್ಲಿ ಒಂದೇ ಚರ್ಚೆ. ಮ್ಯಾಟ್ ರೂಲ್ ಎಂಬ ಕೋಚ್ ಈಗ ಮತ್ತೆ ಕಟ್ಟುತ್ತಿರುವ ಈ ತಂಡ ಹಿಂದಿನಂತೆ 'ಡೈನಾಸ್ಟಿ' ಆಗುತ್ತದಾ? ಆ ಪದ ಮೊದಲ ಸಲ ಕೇಳಿದಾಗ ನನಗೆ ನಗು ಬಂದಿತ್ತು. ತಲಕಾಡಿನ ಗಂಗರು ಆರು ನೂರು ವರ್ಷ ಆಳಿದ ನಾಡಿನಿಂದ ಬಂದವನು ನಾನು. ವಿಜಯನಗರ ಒಂದರಲ್ಲೇ ಸಂಗಮ, ಸಾಳುವ, ತುಳುವ, ಅರವೀಡು ಅಂತ ನಾಲ್ಕು ವಂಶ ಬಂದು ಹೋದವು. ಇವರಿಗೆ ನಾಲ್ಕು ವರ್ಷದಲ್ಲಿ ಮೂರು ಕಪ್ ಬಂದರೆ ರಾಜವಂಶ!

ನನ್ನ ಅನಿಸಿಕೆ ಹೇಳಿಬಿಡುತ್ತೇನೆ. ನೆಬ್ರಾಸ್ಕಾ ಮತ್ತೆ ಗೆಲ್ಲಬಹುದು. ಒಂದು ಕಪ್ಪನ್ನೂ ಎತ್ತಬಹುದು. ವಂಶ ಕಟ್ಟುವುದು ಮಾತ್ರ ಈಗಿನ ರೀತಿಯಲ್ಲಿ ಆಗದ ಕೆಲಸ. ಅದಕ್ಕೆ ರೂಲ್ ಕಾರಣ ಅಲ್ಲ.

ಹಳೇ ಕಾಲವನ್ನು ಸ್ವಲ್ಪ ನೋಡಿ. ಟಾಮ್ ಆಸ್‌ಬಾರ್ನ್ 1973ರಲ್ಲಿ ಕೋಚ್ ಆದರು. ಅವರಿಗಿಂತ ಮುಂಚೆ ಇದ್ದ ಬಾಬ್ ಡಿವೇನಿ 1970, 71ರಲ್ಲಿ ಎರಡು ರಾಷ್ಟ್ರೀಯ ಕಪ್ ಗೆದ್ದು ಕುರ್ಚಿ ಬಿಟ್ಟುಕೊಟ್ಟಿದ್ದರು. ಆಸ್‌ಬಾರ್ನ್ ಪ್ರತಿ ವರ್ಷ ಕಡಿಮೆ ಅಂದರೂ ಒಂಬತ್ತು ಆಟ ಗೆಲ್ಲುತ್ತಿದ್ದರು. ಕಪ್ ಮಾತ್ರ ಬರುತ್ತಿರಲಿಲ್ಲ.

1984ರ ಜನವರಿಯ ಆರೆಂಜ್ ಬೌಲ್ ಎಂಬ ಸೀಸನ್ ಕೊನೆಯ ದೊಡ್ಡ ಪಂದ್ಯದ ಕಥೆಯನ್ನು ಅಜ್ಜ ನಿನ್ನೆ ನಡೆದಂತೆ ಹೇಳುತ್ತಾರೆ. ಮಯಾಮಿ ವಿರುದ್ಧ, ಮಯಾಮಿಯ ನೆಲದಲ್ಲೇ ಆಟ. ಕೊನೆಯ ನಿಮಿಷದಲ್ಲಿ ನೆಬ್ರಾಸ್ಕಾ 30-31ಕ್ಕೆ ಬಂದು ನಿಂತಿತು. ಚೆಂಡನ್ನು ಕಂಬಗಳ ನಡುವೆ ಒದ್ದರೆ ಒಂದು ಅಂಕ, ಆಟ ಡ್ರಾ. ಅಲ್ಲಿವರೆಗೆ ಒಂದೂ ಸೋಲದ ತಂಡ, ಡ್ರಾ ಆದರೂ ಕಪ್ ಹೆಚ್ಚುಕಮ್ಮಿ ಇವರದೇ. ಆಸ್‌ಬಾರ್ನ್ ಒದೆಯಲು ಹೇಳಲಿಲ್ಲ. ಗೆಲ್ಲಲೇಬೇಕು ಅಂತ ಎರಡು ಅಂಕಕ್ಕೆ ಕೈ ಹಾಕಿದರು. ಎಸೆದ ಚೆಂಡಿಗೆ ಎದುರಾಳಿಯ ಕೈ ತಗುಲಿತು. ಇಷ್ಟು ಹೇಳುವಾಗ ಅಜ್ಜ ತಮ್ಮ ಬಲಗೈಯ ಬೆರಳು ಚಾಚಿ ತೋರಿಸುತ್ತಾರೆ, ಇಷ್ಟೇ ಇಷ್ಟು ತಗುಲಿತು ಅಂತ. ಸೋತರು. ಊರಿಗೆ ಬಂದಾಗ ಯಾರೂ ಕಲ್ಲು ಹೊಡೆಯಲಿಲ್ಲ, ಕೆಲಸದಿಂದಲೂ ತೆಗೆಯಲಿಲ್ಲ. ಆ ಸೋಲಿನ ಬಗ್ಗೆ ಇಲ್ಲಿಯವರಿಗೆ ಇವತ್ತಿಗೂ ಒಂಥರಾ ಹೆಮ್ಮೆ.

ಮೊದಲ ಕಪ್ ಬಂದಿದ್ದು 1994ರ ಸೀಸನ್‌ನಲ್ಲಿ. ಅವರ 22ನೇ ಸೀಸನ್ ಅದು! ಆಮೇಲೆ 95, 97. ಕೊನೆಯ ಐದು ವರ್ಷದಲ್ಲಿ 60 ಗೆಲುವು, ಮೂರೇ ಸೋಲು. ಜನ ನೆನಪಿಟ್ಟುಕೊಂಡಿರುವ ರಾಜವಂಶ ಈ ಐದು ವರ್ಷದ್ದು. ಅದರ ಹಿಂದಿನ ಇಪ್ಪತ್ತು ವರ್ಷದ ಉಳುಮೆಯನ್ನು ಯಾರೂ ಲೆಕ್ಕಕ್ಕೆ ಹಿಡಿಯುವುದಿಲ್ಲ.

ಕಾದವರು ಕೋಚ್ ಒಬ್ಬರೇ ಅಲ್ಲ, ಹುಡುಗರೂ ಕಾದರು. ಇಲ್ಲಿ 'ವಾಕ್-ಆನ್' ಅಂತ ಒಂದು ಪದ್ಧತಿ ಇದೆ. ಸ್ಕಾಲರ್‌ಶಿಪ್ ಇಲ್ಲ. ಐನೂರು ಜನರ ಹಳ್ಳಿಯ ಹುಡುಗ ಸ್ವಂತ ಖರ್ಚಿನಲ್ಲಿ ಬಂದು ತಂಡ ಸೇರುತ್ತಾನೆ. ಎರಡು ಮೂರು ವರ್ಷ ಭಾರ ಎತ್ತುತ್ತಾನೆ, ಅಭ್ಯಾಸದಲ್ಲಿ ಹಿರಿಯರ ಕೈಲಿ ಏಟು ತಿನ್ನುತ್ತಾನೆ. ಅದೃಷ್ಟ ಇದ್ದರೆ ನಾಲ್ಕನೇ ವರ್ಷ ಮೈದಾನಕ್ಕೆ ಇಳಿಯುತ್ತಾನೆ. ಇಂಥವರೆಲ್ಲ ಸೇರಿ ತಂಡ ಒಂದೂವರೆ ನೂರರ ಆಸುಪಾಸು ಇರುತ್ತಿತ್ತು. ಒಬ್ಬ ಬಿದ್ದರೆ ಅದೇ ಪಾಠ ಕಲಿತ ಇನ್ನೊಬ್ಬ ಹಿಂದೆ ರೆಡಿ.

ಈ ತಾಳ್ಮೆ ಕೆಟ್ಟಿದ್ದು 2003ರಲ್ಲಿ. ಆಸ್‌ಬಾರ್ನ್ ಕೈಕೆಳಗೆ ಪಳಗಿದ ಫ್ರಾಂಕ್ ಸೋಲಿಚ್ ಆ ವರ್ಷ ಒಂಬತ್ತು ಗೆದ್ದು ಮೂರು ಸೋತಿದ್ದರು. ಮನೆಗೆ ಕಳಿಸಿದರು. ಆಮೇಲೆ ಬಂದವರಲ್ಲಿ ಬೋ ಪೆಲೀನಿ ಏಳು ವರ್ಷ ಇದ್ದರು, ಏಳರಲ್ಲೂ ಒಂಬತ್ತಕ್ಕೆ ಕಡಿಮೆ ಗೆಲ್ಲಲಿಲ್ಲ. ಅವರನ್ನೂ ಕಳಿಸಿದರು. ಕೊನೆಗೆ ಮನೆ ಮಗ ಸ್ಕಾಟ್ ಫ್ರಾಸ್ಟ್ ಬಂದ. 1997ರಲ್ಲಿ ಕಪ್ ಗೆದ್ದ ತಂಡದ ಕ್ವಾರ್ಟರ್‌ಬ್ಯಾಕ್, ಅಂದರೆ ಚೆಂಡು ಎಸೆದು ಆಟ ನಡೆಸುವವನು, ಇದೇ ರಾಜ್ಯದ ವುಡ್ ರಿವರ್ ಎಂಬ ಸಣ್ಣ ಊರಿನವನು. ಆವತ್ತು ಇಲ್ಲಿ ಊರಹಬ್ಬ. ನಮ್ಮಲ್ಲೂ ಹಾಗೇ ಅಲ್ವಾ, ಮನೆಯವನೇ ಬಂದನಲ್ಲ, ಇನ್ನೆಲ್ಲ ಸರಿಹೋಗುತ್ತೆ ಅನ್ನುವ ನಂಬಿಕೆ? ಹದಿನಾರು ಗೆದ್ದ, 31 ಸೋತ.

ಅವನನ್ನು ತೆಗೆದ ರೀತಿಯಲ್ಲೇ ಇಡೀ ಕಥೆ ಇದೆ. 2022ರ ಸೆಪ್ಟೆಂಬರ್ 11ರಂದು ತೆಗೆದರು. ಒಪ್ಪಂದದ ಪ್ರಕಾರ ಅವನಿಗೆ ಸುಮಾರು ಒಂದೂವರೆ ಕೋಟಿ ಡಾಲರ್ ಕೊಡಬೇಕಿತ್ತು. ಅಕ್ಟೋಬರ್ 1ರವರೆಗೆ ಕಾದಿದ್ದರೆ ಅದರ ಅರ್ಧ ಸಾಕಾಗುತ್ತಿತ್ತು. ಇಪ್ಪತ್ತು ದಿನ! ಇಪ್ಪತ್ತೆರಡು ವರ್ಷ ಕಾದ ಊರಿನ ಕೈಲಿ ಇಪ್ಪತ್ತು ದಿನ ಕಾಯಲಾಗಲಿಲ್ಲ. ಹಾಸನದಲ್ಲಿರುವ ನಮ್ಮಮ್ಮನಿಗೆ ಫೋನಿನಲ್ಲಿ ಇದನ್ನು ಹೇಳಿದೆ. "ಏನೋ, ಕಾಲೇಜಿನ ಪಿಟಿ ಮೇಷ್ಟ್ರಿಗೆ ಅಷ್ಟು ದುಡ್ಡೇನೋ?" ಅಂದರು. ಹೂಂ ಅಮ್ಮ, ಗವರ್ನರ್‌ಗಿಂತ ಎಷ್ಟೋ ಪಟ್ಟು ಜಾಸ್ತಿ ಸಂಬಳ ಅಂದೆ. ನಂಬಲಿಲ್ಲ.

ಅಮ್ಮನಿಗೆ ಈಗಿನ ಕಾಲೇಜು ಫುಟ್‌ಬಾಲ್ ಅರ್ಥ ಮಾಡಿಸಲು ನಾನು ಐಪಿಎಲ್ ಹಿಡಿದುಕೊಂಡೆ. 2021ರಿಂದ ಇಲ್ಲಿಯ ಕಾಲೇಜು ಆಟಗಾರರು ತಮ್ಮ ಹೆಸರಿನಿಂದ ದುಡ್ಡು ಮಾಡಬಹುದು. ಕಾಲೇಜು ಬದಲಿಸಿದರೆ ಒಂದು ವರ್ಷ ಸುಮ್ನೆ ಕೂರಬೇಕು ಎಂಬ ಹಳೇ ನಿಯಮವೂ ಹೋಯಿತು. 2025ರಿಂದ ಕಾಲೇಜುಗಳೇ ನೇರವಾಗಿ ಹಣ ಕೊಡುತ್ತಿವೆ. ಒಂದು ಕಾಲೇಜು ಎಲ್ಲ ಆಟಗಳೂ ಸೇರಿ ವರ್ಷಕ್ಕೆ ಸುಮಾರು ಎರಡು ಕೋಟಿ ಡಾಲರ್ ಹಂಚಬಹುದು. ಅದರ ಜೊತೆಗೇ ಬಂದ ಮಿತಿ ಫುಟ್‌ಬಾಲ್ ತಂಡವನ್ನು 105 ಜನಕ್ಕೆ ಇಳಿಸಿತು. ಕತ್ತರಿ ಬಿದ್ದಿದ್ದು ವಾಕ್-ಆನ್ ಹುಡುಗರಿಗೇ. ಅಂದರೆ ಪ್ರತಿ ವರ್ಷ ಹರಾಜು, ಅದೂ ಆಟಗಾರನೇ ಕೂಗುವ ಹರಾಜು.

ಹುಡುಗರಿಗೆ ದುಡ್ಡು ಸಿಗಬಾರದು ಅಂತ ನಾನು ಹೇಳುತ್ತಿಲ್ಲ. ಕೋಚ್‌ಗೆ ಕೋಟಿ, ಏಟು ತಿನ್ನುವವನಿಗೆ ಬರೀ ಫೀಸು ಎಂಬುದು ಯಾವ ನ್ಯಾಯ? ಆದರೆ ಹೀಗೆ ಮಾಡಿದಾಗ ಏನು ಕೈತಪ್ಪುತ್ತೆ ಅನ್ನುವುದನ್ನೂ ನೋಡಬೇಕು. ಡಿಲನ್ ರಾಯೋಲಾ ಎಂಬ ಕ್ವಾರ್ಟರ್‌ಬ್ಯಾಕ್ 2024ರಲ್ಲಿ ಇಲ್ಲಿಗೆ ಬಂದ. ಅವನ ಅಪ್ಪ ಇದೇ ಕೆಂಪು ಜೆರ್ಸಿ ಹಾಕಿ ಆಡಿದವರು. ಚಿಕ್ಕಪ್ಪ ಆಗ ಇದೇ ತಂಡದ ಕೋಚ್‌ಗಳಲ್ಲಿ ಒಬ್ಬರಾಗಿದ್ದರು. ವಂಶ ಅಂದರೆ ಇದು ನೋಡಿ, ಅಕ್ಷರಶಃ ಮನೆತನ. ಎರಡೇ ಸೀಸನ್. 2025ರ ನವೆಂಬರ್‌ನಲ್ಲಿ ಕಾಲಿನ ಮೂಳೆ ಮುರಿಯಿತು, ಡಿಸೆಂಬರ್‌ನಲ್ಲಿ ಬೇರೆ ಕಾಲೇಜು ಹುಡುಕಿಕೊಂಡು ಹೊರಟ.

ಇದೇ ಹರಾಜಿನಿಂದ ಎದ್ದವರೂ ಇದ್ದಾರಲ್ಲ ಅಂತ ನೀವು ಕೇಳಬಹುದು. ಇದ್ದಾರೆ, ಇಂಡಿಯಾನಾ. ದೊಡ್ಡ ಕಾಲೇಜುಗಳಲ್ಲಿ ಎಲ್ಲರಿಗಿಂತ ಜಾಸ್ತಿ ಸೋತ ತಂಡ ಅನ್ನುವ ಹಣೆಪಟ್ಟಿ ಹೊತ್ತಿದ್ದ ಕಾಲೇಜು. 2023ರಲ್ಲಿ ಮೂರು ಗೆದ್ದು ಒಂಬತ್ತು ಸೋತಿತ್ತು. ಕರ್ಟ್ ಸಿಗ್ನೆಟಿ ಎಂಬ ಕೋಚ್ ತಮ್ಮ ಹಳೇ ಕಾಲೇಜಿನಿಂದ ಹತ್ತಾರು ಹುಡುಗರನ್ನು ಜೊತೆಗೇ ಕರೆತಂದರು. ಮೊದಲ ವರ್ಷ 11 ಗೆಲುವು. ಎರಡನೇ ವರ್ಷ ಒಂದೂ ಸೋಲದೆ, 2026ರ ಜನವರಿಯಲ್ಲಿ ಮಯಾಮಿಯನ್ನು 27-21ಕ್ಕೆ ಸೋಲಿಸಿ ಕಪ್ ಎತ್ತಿದರು. ಎರಡು ವರ್ಷ! ಆಸ್‌ಬಾರ್ನ್‌ಗೆ 22 ಬೇಕಾಗಿತ್ತು. ಇಲ್ಲಿಯವರು ಹೊಟ್ಟೆ ಉರಿದುಕೊಂಡು ನೋಡಿದರು.

ಆದರೆ ಯಾವ ಬಾಗಿಲಿನಿಂದ ಇಂಡಿಯಾನಾ ಒಳಗೆ ಬಂತೋ ಅದೇ ಬಾಗಿಲು ನಾಳೆ ಇನ್ನೊಬ್ಬರಿಗೂ ತೆರೆದಿರುತ್ತದೆ. ಕಪ್ ತಂದ ಕ್ವಾರ್ಟರ್‌ಬ್ಯಾಕ್ ಫರ್ನಾಂಡೊ ಮೆಂಡೋಜಾ ಅಲ್ಲಿ ಆಡಿದ್ದು ಒಂದೇ ಸೀಸನ್. ಬೇಗ ಏಳುವುದು ಸುಲಭವಾದಷ್ಟೂ ನಿಲ್ಲುವುದು ಕಷ್ಟ. ಐಪಿಎಲ್ ನೋಡಿ, ಹರಾಜು ಇರುವುದೇ ಒಬ್ಬರೇ ಗೆಲ್ಲುತ್ತಾ ಹೋಗದಿರಲಿ ಅಂತ. ಆದರೂ ಚೆನ್ನೈ, ಮುಂಬೈ ಐದೈದು ಸಲ ಗೆದ್ದವು. ಹೇಗೆ? ನಾಯಕನನ್ನೂ ನಾಲ್ಕಾರು ಮುಖ್ಯ ಆಟಗಾರರನ್ನೂ ವರ್ಷಗಟ್ಟಲೆ ಬಿಡಲಿಲ್ಲ. ನಮ್ಮ ಆರ್‌ಸಿಬಿಯಲ್ಲಿ ಕೊಹ್ಲಿ ಮೊದಲಿನಿಂದಲೂ ಇದ್ದರು, ಆದರೆ ಸುತ್ತ ಇದ್ದವರು ಬದಲಾಗುತ್ತಲೇ ಇದ್ದರು. 'ಈ ಸಲ ಕಪ್ ನಮ್ದೇ' ಅನ್ನುತ್ತಾ 18ನೇ ಸೀಸನ್‌ವರೆಗೆ ಕಾದೆವು. ಅಭಿಮಾನಿಯ ತಾಳ್ಮೆ ಒಂದೇ ಸಾಲದು ಅನ್ನುವುದಕ್ಕೆ ನಾವೇ ಸಾಕ್ಷಿ.

ತಮಾಷೆ ಅಂದರೆ, ಶಾಶ್ವತ ವಂಶ ಹೇಗಿರುತ್ತೆ ಅಂತ ನೋಡಲು ನೆಬ್ರಾಸ್ಕಾದವರು ಎಲ್ಲೂ ಹೋಗಬೇಕಿಲ್ಲ. ಇದೇ ವಿಶ್ವವಿದ್ಯಾಲಯದ ಹೆಣ್ಣುಮಕ್ಕಳ ವಾಲಿಬಾಲ್ ತಂಡ ಇದೆ. 1995, 2000, 2006, 2015, 2017, ಹೀಗೆ ಐದು ರಾಷ್ಟ್ರೀಯ ಕಪ್. 1977ರಿಂದ ಇವತ್ತಿನವರೆಗೆ ಕೋಚ್‌ಗಳು ಎಷ್ಟು ಜನ ಗೊತ್ತಾ? ಮೂರೇ ಮೂರು. ಟೆರಿ ಪೆಟಿಟ್, ಜಾನ್ ಕುಕ್, ಈಗ ಡ್ಯಾನಿ ಬುಸ್‌ಬೂಮ್ ಕೆಲ್ಲಿ. ಕೆಲ್ಲಿ ಇದೇ ತಂಡದಲ್ಲಿ ಆಡಿ 2006ರ ಕಪ್ ಗೆದ್ದವರು, ಇದೇ ರಾಜ್ಯದ ಹಳ್ಳಿ ಕಡೆಯವರು. ಫುಟ್‌ಬಾಲ್‌ನಲ್ಲಿ 2003ರ ಆಚೆಗೆ ಐದು ಜನ ಬಂದರು.

2023ರ ಆಗಸ್ಟ್ 30ರಂದು ಈ ಹುಡುಗಿಯರ ಆಟವನ್ನು ಫುಟ್‌ಬಾಲ್ ಸ್ಟೇಡಿಯಂನಲ್ಲೇ ಇಟ್ಟರು. 92,003 ಜನ ಬಂದರು. ಮಗಳ ಜೊತೆ ನಾನೂ ಇದ್ದೆ. ಅಷ್ಟು ದೊಡ್ಡ ಮೈದಾನದ ನಡುವೆ ವಾಲಿಬಾಲ್ ಅಂಕಣ ಒಂದು ಚಾಪೆ ಹಾಸಿದ ಹಾಗೆ ಕಾಣುತ್ತಿತ್ತು. ಗಾಳಿಗೆ ಚೆಂಡು ಎಲ್ಲಿ ಹಾರಿಹೋಗುತ್ತೋ ಅಂತ ನನಗೆ ಚಿಂತೆ. ಮಗಳಿಗೆ ಅದೇನೂ ಇಲ್ಲ, ಗಂಟಲು ಕಟ್ಟುವವರೆಗೆ ಕೂಗಿದಳು. ಅವಳಿಗೆ ನೆಬ್ರಾಸ್ಕಾ ಅಂದರೆ ಗೆಲ್ಲುವ ತಂಡ. ಫುಟ್‌ಬಾಲ್ ಸೋಲುತ್ತಲ್ಲ ಅಂದರೆ, ಅದು ಬೇರೆ ಅನ್ನುತ್ತಾಳೆ.

ರೂಲ್ ವಿಷಯಕ್ಕೆ ಬರುತ್ತೇನೆ. ಟೆಂಪಲ್, ಬೇಲರ್ ಎಂಬ ಎರಡು ಕಾಲೇಜುಗಳಲ್ಲಿ ಅವರು ನೆಲಕಚ್ಚಿದ್ದ ತಂಡವನ್ನು ಮೂರನೇ ವರ್ಷಕ್ಕೆ ಎಬ್ಬಿಸಿ ನಿಲ್ಲಿಸಿದ್ದರು. ಬೇಲರ್‌ನಲ್ಲಿ ಮೊದಲ ವರ್ಷ ಒಂದೇ ಗೆಲುವು, ಮೂರನೇ ವರ್ಷ 11. ಇಲ್ಲಿ ಮೊದಲ ವರ್ಷ ಐದು, ಎರಡನೇ ವರ್ಷ ಏಳು, ಮೂರನೇ ವರ್ಷ ಮತ್ತೆ ಏಳು. ಮೂರನೇ ವರ್ಷದ ಮಂತ್ರ ಫಲಿಸಲಿಲ್ಲ ಅಂತ ಗೊಣಗಾಟ ಶುರುವಾಗಿದೆ. ಒಪ್ಪಂದವನ್ನೇನೋ 2032ರವರೆಗೆ ಬೆಳೆಸಿದ್ದಾರೆ. ಅಷ್ಟು ದಿನ ನಿಜವಾಗಿ ಇಟ್ಟುಕೊಂಡರೆ, ಪ್ರತಿ ವರ್ಷ ನಾಲ್ಕು ಹುಡುಗರನ್ನಾದರೂ ಊರಿನವರನ್ನೇ ಬೆಳೆಸಿದರೆ, ಚೆನ್ನೈ ಥರ ಆಗಾಗ ಒಂದು ಕಪ್ ಬರಬಹುದು. 1990ರ ದಶಕ ಮಾತ್ರ ಮತ್ತೆ ಬರಲ್ಲ. ಇದನ್ನು ಕ್ಷೌರದಂಗಡಿಯಲ್ಲಿ ಹೇಳುವ ಧೈರ್ಯ ನನಗಿಲ್ಲ. ಕತ್ತರಿ ಅವರ ಕೈಯಲ್ಲಿರುತ್ತೆ.

2025ರ ನವೆಂಬರ್ 28, ಪಕ್ಕದ ರಾಜ್ಯ ಅಯೋವಾ ಜೊತೆ ವರ್ಷದ ಕೊನೆಯ ಆಟ. ಅಜ್ಜ ಎರಡನೇ ಸೀಟಿಗೆ ನನ್ನನ್ನು ಕರೆದುಕೊಂಡು ಹೋಗಿದ್ದರು. ಕೈ ಮರಗಟ್ಟುವ ಚಳಿ. 40-16ಕ್ಕೆ ಸೋಲು. ಕೊನೆಯ ಭಾಗದಲ್ಲಿ ಸುತ್ತ ಅರ್ಧ ಜನ ಎದ್ದು ಹೋದರು, ಇವರು ಅಲ್ಲಾಡಲಿಲ್ಲ. ಆಟ ಮುಗಿದ ಮೇಲೆ ಗೆದ್ದ ಎದುರಾಳಿಗಳಿಗೆ ಕೈಗವಸಿನಲ್ಲೇ ಪಟಪಟ ಚಪ್ಪಾಳೆ ಹೊಡೆದರು, ಬೆಂಚಿನ ಮೇಲೆ ಹಾಸಿದ್ದ ಕೆಂಪು ದಿಂಬನ್ನು ಮಡಚಿ ಕಂಕುಳಲ್ಲಿ ಇಟ್ಟುಕೊಂಡರು. ಕಾರಿನವರೆಗೆ ಮಾತಿಲ್ಲ. ಹೀಟರ್ ಬಿಸಿಯಾಗುವವರೆಗೂ ಮಾತಿಲ್ಲ. ಆಮೇಲೆ ನನ್ನ ಕಡೆ ತಿರುಗಿ, ಮುಂದಿನ ವರ್ಷದ ಟಿಕೆಟ್ ದುಡ್ಡು ಕಟ್ಟುವುದನ್ನು ಮರೆತುಬಿಡುತ್ತೇನೆ, ಸ್ವಲ್ಪ ನೆನಪಿಸು ಅಂದರು.